ಕೋಳಿ ಗೊರ ಗೊರ ಅಂತಿದೆಯಾ? ಸಂತೆಗೆ ಹೊರಡುವ ಮೊದಲು ಇದನ್ನು ಓದಿ

ಮಿರ್ಲೆ: ಮಳೆ ಹಿಡಿದು ನಾಲ್ಕು ದಿನ ಬಿಸಿಲು ಕಾಣದಿದ್ದರೆ ಸಾಕು, ಹಿತ್ತಲ ಕೋಳಿಗೂಡಿನಿಂದ ಒಂದು ಸದ್ದು ಶುರುವಾಗುತ್ತದೆ. ಕತ್ತಲಾಗಿ ಕೋಳಿ ಕೂಡಿದ ಮೇಲೆ ಒಳಗಿನಿಂದ ಗೊರ ಗೊರ. ಬೆಳಿಗ್ಗೆ ನೋಡಿದರೆ ಒಂದು ಹ್ಯಾಟೆಯ ಕಣ್ಣಂಚಲ್ಲಿ ನೊರೆ, ಮೂಗಲ್ಲಿ ನೀರು. ಮೂರನೇ ದಿನಕ್ಕೆ ಇನ್ನೆರಡು ಕೋಳಿ ತಲೆ ಕೊಡವಿ ಸೀನುತ್ತವೆ. ಆಗ ಬಹಳ ಮನೆಗಳಲ್ಲಿ ಬರುವ ಮೊದಲ ಮಾತು ಒಂದೇ: "ಸಾಯೋಕೆ ಮುಂಚೆ ಮಾರಿಬಿಡೋಣ."

ಈ ಕಾಯಿಲೆ ಒಂದು ಹಿತ್ತಲಿಂದ ಇಡೀ ಹೋಬಳಿಗೆ ಹಬ್ಬುವುದು ಹೆಚ್ಚಾಗಿ ಆ ಮಾತಿನಿಂದಲೇ. ಗಾಳಿಯಲ್ಲಿ ಹಾರಿ ಊರು ದಾಟುವುದಕ್ಕಿಂತ ಮಂಕರಿಯಲ್ಲಿ ಕೂತು, ಬೈಕಿನ ಹ್ಯಾಂಡಲ್‌ಗೆ ನೇತುಬಿದ್ದು ಊರು ದಾಟುವುದೇ ಜಾಸ್ತಿ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡವರು ಅದನ್ನು ಮನೆಗೆ ತಂದು ತಮ್ಮ ಹತ್ತು ಕೋಳಿಗಳ ಜೊತೆ ಬಿಡುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಅವರ ಗೂಡಲ್ಲೂ ಅದೇ ಸದ್ದು.

ಹಿತ್ತಲ ಕೋಳಿ ಅಂದರೆ ಸಣ್ಣ ಬಾಬತ್ತು ಅನ್ನಿಸಬಹುದು. ನಾಟಿ ಹ್ಯಾಟೆಯೊಂದು ವರ್ಷಕ್ಕೆ ಇಡುವುದು ಐವತ್ತು–ಅರವತ್ತು ಮೊಟ್ಟೆ ಅಷ್ಟೆ. ಆದರೆ ಆ ಮೊಟ್ಟೆಯ ದುಡ್ಡು, ವರ್ಷತೊಡಕಿಗೆ, ಹಿರಿಯರ ಹಬ್ಬಕ್ಕೆ ಮಾರುವ ಹುಂಜದ ದುಡ್ಡು ಮನೆಯ ಹೆಂಗಸರ ಕೈಗೇ ಬರುವಂಥದ್ದು. ಮಕ್ಕಳ ಪುಸ್ತಕ, ಸಂಘದ ಕಂತು, ಬಸ್ ಚಾರ್ಜು ಅದರಲ್ಲೇ ಹೋಗುತ್ತದೆ. ಹಬ್ಬಕ್ಕೆ ಹದಿನೈದು ದಿನ ಇರುವಾಗ ಗೂಡು ಖಾಲಿಯಾದರೆ ಆ ಲೆಕ್ಕವೆಲ್ಲ ತಲೆಕೆಳಗು.

ಇದು ಯಾವ ಕಾಯಿಲೆ?

ಗೊರಕೆ, ಸೀನು, ಕಣ್ಣು ಊತ ಕಂಡ ಕೂಡಲೇ "ಕೊಕ್ಕರೆ ರೋಗ ಬಂತು" ಅನ್ನುವುದು ವಾಡಿಕೆ. ಕೊಕ್ಕರೆ ರೋಗ ಅಂದರೆ ರಾಣಿಖೇತ್. ಅದು ಬೇರೆ, ಈ ಗೊರಕೆ ಬಹಳ ಸಲ ಬೇರೆ. ಎರಡಕ್ಕೂ ಮಾಡಬೇಕಾದ್ದು ಒಂದೇ ಅಲ್ಲ, ಹಾಗಾಗಿ ಗುರುತಿಸುವುದು ಮುಖ್ಯ.

ನಿಧಾನವಾಗಿ ಹಬ್ಬುವ, ವಾರಗಟ್ಟಲೆ ಎಳೆಯುವ ಗೊರಕೆ ಹೆಚ್ಚಾಗಿ ಸಿ.ಆರ್.ಡಿ., ಅಂದರೆ ದೀರ್ಘಕಾಲದ ಉಸಿರಾಟದ ಕಾಯಿಲೆ. ಮೈಕೋಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಸೋಂಕು ತಗುಲಿ ಸಾಮಾನ್ಯವಾಗಿ ಒಂದರಿಂದ ಮೂರು ವಾರದೊಳಗೆ ಲಕ್ಷಣ ಕಾಣುತ್ತದೆ. ಕಣ್ಣಲ್ಲಿ ಸೋಪಿನ ಗುಳ್ಳೆಯಂಥ ನೊರೆ, ಕಣ್ಣಿನ ಕೆಳಗೆ ಊತ, ಕೆಮ್ಮು, ಬಾಯಿ ತೆರೆದು ಉಸಿರಾಟ. ಕೋಳಿ ಮೇವು ಪೂರ್ತಿ ಬಿಡುವುದಿಲ್ಲ, ಆದರೆ ತೂಕ ಇಳಿಯುತ್ತದೆ, ಮೊಟ್ಟೆ ಕಮ್ಮಿಯಾಗುತ್ತದೆ. ಬೇರೆ ಸೋಂಕು ಸೇರಿಕೊಳ್ಳದಿದ್ದರೆ ದೊಡ್ಡ ಕೋಳಿ ಸಾಯುವುದು ಕಡಿಮೆ. "ಏನೂ ಆಗಲ್ಲ ಬಿಡಿ, ಶೀತ" ಅನ್ನುವುದಕ್ಕೆ ಇದೇ ಕಾರಣ.

ಹಗಲಲ್ಲಿ ಓಡಾಡುವಾಗ ಈ ಕಾಯಿಲೆ ತಿಳಿಯುವುದು ಕಷ್ಟ. ರಾತ್ರಿ ಎಂಟಕ್ಕೆ, ಕೋಳಿಗಳೆಲ್ಲ ಸುಮ್ಮನಾದ ಮೇಲೆ, ಗೂಡಿನ ಹತ್ತಿರ ಎರಡು ನಿಮಿಷ ನಿಂತು ಕೇಳಿದರೆ ಎಷ್ಟು ಕೋಳಿಗೆ ಹಿಡಿದಿದೆ ಅಂತ ಅಂದಾಜು ಸಿಗುತ್ತದೆ.

ಮುಖ ದಪ್ಪಗೆ ಊದಿಕೊಂಡು, ಮೂಗಿನಿಂದ ಅಂಟಂಟು ಸುರಿದು, ಹತ್ತಿರ ಹೋದರೆ ಕೆಟ್ಟ ವಾಸನೆ ಬರುತ್ತಿದ್ದರೆ ಅದು ಕೊರೈಜಾ, ಕೋಳಿಗಳ ಸಾಂಕ್ರಾಮಿಕ ನೆಗಡಿ. ಇದು ಸಿ.ಆರ್.ಡಿ.ಗಿಂತ ಚುರುಕು. ಸೋಂಕಾದ ಒಂದರಿಂದ ಮೂರು ದಿನಕ್ಕೇ ಮುಖ ಊದಬಹುದು. ಎರಡೂ ಒಟ್ಟಿಗೆ ಬರುವುದೂ ಉಂಟು.

ಇನ್ನು ಕೊಕ್ಕರೆ ರೋಗ. ಅದು ವೈರಸ್‌ನಿಂದ ಬರುವಂಥದ್ದು. 1920ರ ದಶಕದ ಕೊನೆಯಲ್ಲಿ ಕುಮಾವೂ ಬೆಟ್ಟಗಳ ರಾಣಿಖೇತ್‌ನಲ್ಲಿ ಗುರುತಿಸಿದ್ದರಿಂದ ನಮ್ಮ ದೇಶದಲ್ಲಿ ಆ ಹೆಸರು ನಿಂತಿತು, ಹೊರದೇಶದಲ್ಲಿ ನ್ಯೂಕ್ಯಾಸಲ್ ಅನ್ನುತ್ತಾರೆ. ಉಸಿರು ಎಳೆಯುವುದರ ಜೊತೆಗೆ ಹಸಿರು ಭೇದಿ, ರೆಕ್ಕೆ ಜೋಲು ಬೀಳುವುದು, ಕತ್ತು ತಿರುಚಿಕೊಂಡು ಗಿರಗಿರ ತಿರುಗುವುದು ಕಂಡರೆ ಇದೇ ಅನುಮಾನ. ಲಸಿಕೆ ಕಾಣದ ಕೋಳಿಗಳಲ್ಲಿ ವಾರದೊಳಗೆ ಗೂಡೇ ಖಾಲಿಯಾಗಬಹುದು. ಇದಕ್ಕೆ ಔಷಧಿ ಇಲ್ಲ, ಲಸಿಕೆ ಮಾತ್ರ.

ಲಕ್ಷಣ ಕಾಣುವ ಮೊದಲೇ ದಿಢೀರ್ ಅಂತ ಕೋಳಿಗಳು ಸತ್ತು, ಜುಟ್ಟು, ಗದ್ದದ ಜೋಲು ನೀಲಿಗಟ್ಟಿ, ಕಾಲಿನ ಮೇಲೆ ರಕ್ತದ ಕಲೆ ಕಂಡರೆ ಕೈ ಹಾಕಬೇಡಿ. ಅದು ಹಕ್ಕಿಜ್ವರವೂ ಇರಬಹುದು. ಅದರ ವಿಷಯ ಕೊನೆಯಲ್ಲಿದೆ.

ಮೊದಲ ದಿನದ ಸಂಜೆ

ಗೊರಕೆ ಕೇಳಿಸಿದ ದಿನವೇ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಸದ್ದು ಮಾಡುವ, ಕಣ್ಣು–ಮೂಗು ಸೋರುವ ಕೋಳಿಗಳನ್ನು ತೆಗೆದು ಬೇರೆ ಮಂಕರಿಗೆ ಅಥವಾ ಪಂಜರಕ್ಕೆ ಹಾಕಿ. ಆ ಮಂಕರಿ ಗೂಡಿಗೆ ತಾಗಿಕೊಂಡು ಇರಬಾರದು. ಗಾಳಿ ರೋಗದ ಕೋಳಿಯ ಕಡೆಯಿಂದ ಗೂಡಿನ ಕಡೆಗೆ ಬೀಸದ ಜಾಗ, ಮನೆಯ ಇನ್ನೊಂದು ಮಗ್ಗುಲಾದರೆ ಒಳ್ಳೆಯದು. ಚೆನ್ನಾಗಿರುವ ಕೋಳಿಗಳಿಗೆ ಮೊದಲು ಮೇವು–ನೀರು ಹಾಕಿ, ರೋಗದ ಕೋಳಿಗಳ ಹತ್ತಿರ ಕೊನೆಗೆ ಹೋಗಿ. ವಾಪಸ್ ಬಂದು ಸೋಪು ಹಾಕಿ ಕೈ ತೊಳೆಯಿರಿ. ಉಟ್ಟ ಬಟ್ಟೆಯಲ್ಲೇ ಮತ್ತೆ ಗೂಡಿಗೆ ಕೈ ಹಾಕಬೇಡಿ.

ನೀರಿನ ಬಟ್ಟಲು ಅತಿ ಮುಖ್ಯ. ಮೂಗು ಸೋರುವ ಕೋಳಿ ಅದ್ದಿದ ಬಟ್ಟಲಲ್ಲೇ ಉಳಿದವು ಕುಡಿಯುತ್ತವೆ, ಒಂದರಿಂದ ಹತ್ತಕ್ಕೆ ದಾಟುವುದು ಅಲ್ಲಿಯೇ. ಒಡೆದ ಮಡಕೆ, ಹಳೇ ಟೈರಿನ ತುಂಡಿನಲ್ಲಿ ನೀರಿಡುವುದು ಎಲ್ಲ ಕಡೆ ಇದೆ. ಅದನ್ನು ಉಜ್ಜಿ ತೊಳೆಯಲಾಗುವುದಿಲ್ಲ. ಕಾಯಿಲೆ ಇರುವಷ್ಟು ದಿನವಾದರೂ ಸ್ಟೀಲ್ ಅಥವಾ ಪ್ಲಾಸ್ಟಿಕ್ ಬಟ್ಟಲು ಇಟ್ಟು, ದಿನಕ್ಕೆರಡು ಸಲ ತೊಳೆದು, ಬಿಸಿಲಿಗೆ ಒಣಗಿಸಿ ಹೊಸ ನೀರು ಹಾಕಿ.

ಆಮೇಲೆ ಗೂಡು. ನಾಯಿ, ಮುಂಗುಸಿ, ಕಾಡುಬೆಕ್ಕಿನ ಕಾಟಕ್ಕೆ ಹೆದರಿ ನಾಲ್ಕೂ ಕಡೆ ಹಲಗೆ ಬಡಿದು, ಸಂದಿಗೆ ಗೋಣಿಚೀಲ ತುರುಕಿದ ಗೂಡುಗಳೇ ನಮ್ಮಲ್ಲಿ ಹೆಚ್ಚು. ಕಳ್ಳ ಬೆಕ್ಕೇನೋ ಒಳಗೆ ಬರುವುದಿಲ್ಲ, ಒಳಗಿನ ಹಿಕ್ಕೆಯ ವಾಸನೆಯೂ ಆಚೆ ಹೋಗುವುದಿಲ್ಲ. ಹಿಕ್ಕೆ ಒದ್ದೆಯಾದಾಗ ಏಳುವ ಅಮೋನಿಯಾ ಕೋಳಿಯ ಶ್ವಾಸನಾಳವನ್ನು ಉರಿಸಿ ಸೋಂಕಿಗೆ ದಾರಿ ಮಾಡುತ್ತದೆ. ಪರೀಕ್ಷೆ ಸುಲಭ: ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬಗ್ಗಿ, ಕೋಳಿ ಕೂರುವ ಎತ್ತರಕ್ಕೆ ನಿಮ್ಮ ಮೂಗು ತನ್ನಿ. ನಿಮ್ಮ ಕಣ್ಣು ಉರಿದರೆ ಕೋಳಿಗೆ ರಾತ್ರಿಯಿಡೀ ಅದೇ ಗತಿ. ಗೂಡಿನ ಮೇಲ್ಭಾಗದಲ್ಲಿ ಒಂದು ಗೇಣಗಲ ಬಿಟ್ಟು ಸಣ್ಣ ಕಣ್ಣಿನ ತಂತಿ ಬಲೆ ಹೊಡೆದರೆ ಮುಂಗುಸಿಯೂ ನುಗ್ಗದು, ಗಾಳಿಯೂ ಆಡುತ್ತದೆ.

ನೆಲಕ್ಕೆ ಹಾಸಲು ಭತ್ತದ ಹೊಟ್ಟಿಗೆ ಈ ಭಾಗದಲ್ಲಿ ಬರವಿಲ್ಲ. ಒಣಗಿದ್ದು ಮಾತ್ರ ಹಾಕಿ, ಒದ್ದೆಯಾದ ಕಡೆ ಎತ್ತಿ ಬಿಸಾಡಿ. ಬೂಷ್ಟು ಹಿಡಿದ ಹೊಟ್ಟು, ಕೊಳೆತ ಹುಲ್ಲು ಬೇಡ. ಅದರ ಬೂಷ್ಟಿನಿಂದಲೇ ಶ್ವಾಸಕೋಶದ ಇನ್ನೊಂದು ಕಾಯಿಲೆ ಬರುತ್ತದೆ, ಅದಕ್ಕೆ ಸುಲಭದ ಮದ್ದಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್ ಪಕ್ಕದ ಶೆಡ್ಡಿನಲ್ಲಿ ಕೋಳಿ ಕೂಡುವವರು ಸೊಪ್ಪು ಹದ ಮಾಡುವ ತಿಂಗಳುಗಳಲ್ಲಾದರೂ ಗೂಡನ್ನು ಹೊಗೆ, ದೂಳಿನಿಂದ ದೂರ ಇಡುವುದು ಒಳ್ಳೆಯದು.

ಮೆಡಿಕಲ್ ಸ್ಟೋರಿನ ಮಾತ್ರೆ

ಅರಿಶಿನ, ಬೆಳ್ಳುಳ್ಳಿ, ಮೆಣಸು ಅರೆದು ಅನ್ನದಲ್ಲಿ ಉಂಡೆ ಮಾಡಿ ತಿನ್ನಿಸುವುದು ಎಲ್ಲರ ಮನೆಯ ಮೊದಲ ಮದ್ದು. ಹಿಡಿಯಷ್ಟೇ ಇದ್ದರೆ ಕೆಡುಕೇನಿಲ್ಲ, ಆದರೆ ಮೈಕೋಪ್ಲಾಸ್ಮಾ ಅದರಿಂದ ಹೋಗುವುದಿಲ್ಲ. ಮೂಗಿಗೆ ಸೀಮೆಎಣ್ಣೆ ಹಚ್ಚುವುದು, ಹೊಗೆಸೊಪ್ಪಿನ ನೀರು ಕುಡಿಸುವುದು ಮಾತ್ರ ಖಂಡಿತ ಬೇಡ. ಮೊದಲೇ ಕಷ್ಟದಲ್ಲಿರುವ ಉಸಿರಿಗೆ ಅದು ವಿಷ.

ಎರಡನೇ ಮದ್ದು ಮೆಡಿಕಲ್ ಸ್ಟೋರಿನಿಂದ ತಂದ ಮನುಷ್ಯರ ಮಾತ್ರೆ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಕ್ಯಾಪ್ಸೂಲ್ ಬಿಚ್ಚಿ ಅನ್ನಕ್ಕೆ ಬೆರೆಸುತ್ತಾರೆ. ಅದು ಸಿ.ಆರ್.ಡಿ.ಗೆ ಕೆಲಸ ಮಾಡುವುದೇ ಇಲ್ಲ. ಪೆನಿಸಿಲಿನ್ ಜಾತಿಯ ಔಷಧಿಗಳು ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಒಡೆದು ಕೊಲ್ಲುವಂಥವು. ಮೈಕೋಪ್ಲಾಸ್ಮಾಕ್ಕೆ ಆ ಗೋಡೆಯೇ ಇಲ್ಲ. ಒಡೆಯಲು ಗೋಡೆ ಇಲ್ಲದ ಮನೆಗೆ ಹಾರೆ ತಂದಂತೆ.

ಇದಕ್ಕೆ ಪಶುವೈದ್ಯರು ಕೊಡುವುದು ಟೈಲೋಸಿನ್, ಟಯಾಮುಲಿನ್, ಡಾಕ್ಸಿಸೈಕ್ಲಿನ್, ಆಕ್ಸಿಟೆಟ್ರಾಸೈಕ್ಲಿನ್‌ನಂಥ ಬೇರೆ ಜಾತಿಯ ಔಷಧಿ. ಕೋಳಿಯ ತೂಕ, ಕುಡಿಯುವ ನೀರಿನ ಲೆಕ್ಕ ಹಾಕಿ ಪ್ರಮಾಣ ಹೇಳುತ್ತಾರೆ. ಅವರು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಎರಡು ದಿನಕ್ಕೆ ಗೊರಕೆ ನಿಂತಿತು ಅಂತ ಬಿಟ್ಟರೆ ಉಳಿದ ಕ್ರಿಮಿಗೆ ಮುಂದಿನ ಸಲ ಆ ಔಷಧಿ ಹತ್ತುವುದಿಲ್ಲ. ಔಷಧಿಯ ನೀರು ಇಟ್ಟ ದಿನ ಬೇರೆ ನೀರು ಸಿಗದಂತೆ ಕೋಳಿಗಳನ್ನು ಕೂಡಿಹಾಕಬೇಕು. ಇಲ್ಲದಿದ್ದರೆ ಅವು ಬಚ್ಚಲ ಮೋರಿಯಲ್ಲೋ ನಾಲೆಯಲ್ಲೋ ಹೊಟ್ಟೆ ತುಂಬ ಕುಡಿದು ಬರುತ್ತವೆ, ಬಟ್ಟಲ ಔಷಧಿ ಬಟ್ಟಲಲ್ಲೇ ಉಳಿಯುತ್ತದೆ. ಟೆಟ್ರಾಸೈಕ್ಲಿನ್ ಜಾತಿಯದ್ದು ಕೊಡುವಾಗ ಮೊಟ್ಟೆ ಚಿಪ್ಪಿನ ಪುಡಿ, ಸುಣ್ಣದ ನೀರು, ಮಜ್ಜಿಗೆ ಕೊಡಬೇಡಿ. ಸುಣ್ಣದಂಶ ಔಷಧಿಯನ್ನು ಹಿಡಿದುಕೊಂಡು ಮೈಗೆ ಸೇರಲು ಬಿಡುವುದಿಲ್ಲ.

ಔಷಧಿ ಕೊಡುವ ದಿನಗಳ ಮೊಟ್ಟೆಯನ್ನು, ಆಮೇಲೆ ವೈದ್ಯರು ಹೇಳಿದಷ್ಟು ದಿನದ ಮೊಟ್ಟೆಯನ್ನು ಮಾರಬೇಡಿ, ಮಕ್ಕಳಿಗೆ ಬೇಯಿಸಿಕೊಡಬೇಡಿ. ಸಿ.ಆರ್.ಡಿ. ಮನುಷ್ಯರಿಗೆ ಅಂಟುವ ಕಾಯಿಲೆ ಅಲ್ಲ, ಆ ಭಯ ಬೇಡ. ಮೊಟ್ಟೆಯಲ್ಲಿ ಉಳಿಯುವ ಔಷಧಿಯ ಅಂಶದ್ದೇ ತೊಂದರೆ. ಫೀಡ್ ಅಂಗಡಿಯವರು ಒಂದು ಮಾತು ನೆನಪಿಡಬೇಕು: ಕೊಲಿಸ್ಟಿನ್ ಔಷಧಿಯನ್ನು ಕೋಳಿ ಸೇರಿ ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಬಳಸುವುದು, ಅದಕ್ಕಾಗಿ ಮಾರುವುದು 2019ರಿಂದ ದೇಶದಲ್ಲಿ ನಿಷೇಧ. ಹಳೇ ಸ್ಟಾಕಿನ ಡಬ್ಬಿ ಮೂಲೆಯಲ್ಲಿದ್ದರೆ ಈಗಲಾದರೂ ತೆಗೆದುಹಾಕಿ.

ವಾಸಿಯಾದ ಕೋಳಿಯ ಲೆಕ್ಕ

ಎಲ್ಲಕ್ಕಿಂತ ಕಷ್ಟದ ಭಾಗ ಇದು. ಔಷಧಿ ಕೊಟ್ಟಿರಿ, ಗೊರಕೆ ನಿಂತಿತು, ಕೋಳಿ ಮತ್ತೆ ಮೊಟ್ಟೆ ಇಡುತ್ತಿದೆ. ಕಾಯಿಲೆ ಹೋಯಿತೇ? ಇಲ್ಲ. ಮೈಕೋಪ್ಲಾಸ್ಮಾ ಒಮ್ಮೆ ಹೊಕ್ಕ ಕೋಳಿ ನೋಡಲು ಗುಂಡುಕಲ್ಲಿನ ಹಾಗಿದ್ದರೂ ಕ್ರಿಮಿಯನ್ನು ಒಳಗೆ ಇಟ್ಟುಕೊಂಡೇ ಇರುತ್ತದೆ, ಬಹುಮಟ್ಟಿಗೆ ಬದುಕಿರುವವರೆಗೂ. ಮಳೆ, ಚಳಿ, ಹೊಟ್ಟೆಹುಳ, ಜಾಗ ಬದಲಾವಣೆ ಹೀಗೆ ಮೈಗೆ ಯಾವುದೇ ಆಯಾಸವಾದಾಗ ಕಾಯಿಲೆ ಮತ್ತೆ ಕೆರಳುತ್ತದೆ, ಜೊತೆಯ ಕೋಳಿಗಳಿಗೆ ಹಂಚುತ್ತದೆ. ಕೊರೈಜಾದಿಂದ ಚೇತರಿಸಿಕೊಂಡ ಕೋಳಿಯೂ ಹೀಗೇ ಕಾಯಿಲೆ ಹೊತ್ತು ತಿರುಗುತ್ತದೆ. ಸಂತೆಯಲ್ಲಿ ಮಾರುವವರು "ಏನೂ ಇಲ್ಲ, ಆರೋಗ್ಯವಾಗಿದೆ" ಅಂದರೆ ಅದು ಸುಳ್ಳಾಗಿರಬೇಕಿಲ್ಲ. ಅವರಿಗೂ ಗೊತ್ತಿರುವುದಿಲ್ಲ.

ಇನ್ನೊಂದಿದೆ. ಸಿ.ಆರ್.ಡಿ. ಮೊಟ್ಟೆಯೊಳಗೂ ಹೋಗುತ್ತದೆ. ನಮ್ಮಲ್ಲಿ ಕಾವಿಗೆ ಕೂತ ಕೋಳಿಗೆ ಮೊಟ್ಟೆ ಸಾಲದಿದ್ದರೆ ಪಕ್ಕದ ಮನೆಯಿಂದ ತರುವುದು, ತವರಿಗೆ ಹೋದವರು "ಅವ್ವನ ಮನೆಯ ಜಾತಿ ಚೆನ್ನಾಗಿದೆ" ಅಂತ ಹತ್ತು ಮೊಟ್ಟೆ ಕಟ್ಟಿಸಿಕೊಂಡು ಬರುವುದು, ಮರಿಯಲ್ಲಿ ಅರ್ಧ ಪಾಲು ಅಂತ ಹ್ಯಾಟೆಯನ್ನೇ ಕೊಡುವುದು ಎಲ್ಲ ಇದೆ. ಒಳ್ಳೆಯ ರೂಢಿಯೇ. ಆದರೆ ಗೊರಕೆ ಕಂಡ ಗೂಡಿನ ಮೊಟ್ಟೆಯನ್ನು ಕಾವಿಗೆ ಇಡಬಾರದು, ಕೊಡಲೂಬಾರದು. ಆ ಮೊಟ್ಟೆಯ ಕೆಲವು ಮರಿಗಳು ಹುಟ್ಟುವಾಗಲೇ ಕಾಯಿಲೆ ಹೊತ್ತು ಬರುತ್ತವೆ. ಔಷಧಿಯ ಅವಧಿ ಮುಗಿದ ಮೇಲೆ ಅದೇ ಮೊಟ್ಟೆಯನ್ನು ತಿನ್ನಲು ಅಡ್ಡಿಯಿಲ್ಲ.

ಹಾಗಾದರೆ ಕಾಯಿಲೆ ಬಂದ ಗೂಡಿಗೆ ಏನು ಮಾಡಬೇಕು? ಉಳಿದಿರುವುದು ಎರಡೇ ದಾರಿ.

ಮೊದಲನೆಯದು, ಇರುವ ಕೋಳಿಗಳನ್ನು ಇಟ್ಟುಕೊಂಡು ಬಾಗಿಲು ಹಾಕಿಕೊಳ್ಳುವುದು. ಹೊಸ ಕೋಳಿ ಒಳಗಿಲ್ಲ, ಈ ಗೂಡಿನ ಕೋಳಿ, ಮರಿ, ಕಾವಿನ ಮೊಟ್ಟೆ ಆಚೆಗಿಲ್ಲ. ಔಷಧಿಯ ಅವಧಿ ಮುಗಿದ ಮೇಲೆ ತಿನ್ನುವ ಮೊಟ್ಟೆ ಮಾರಬಹುದು, ಗುಣವಾದ ಹುಂಜವನ್ನು ಮನೆಯ ಹಬ್ಬಕ್ಕೆ ಕುಯ್ಯಬಹುದು. ಬೇಲಿ, ಕಾಂಪೌಂಡ್ ಇರುವವರಿಗೆ ಇದು ಸರಿ. ಕೇರಿಯ ನಡುವೆ ಮನೆ ಇರುವವರಿಗೆ ಇದು ಹೆಸರಿಗೆ ಮಾತ್ರ. ಬೆಳಿಗ್ಗೆ ಬಿಟ್ಟ ಕೋಳಿ ನಾಲ್ಕು ಮನೆಯ ತಿಪ್ಪೆ ಕೆದರಿ, ಕಣದಲ್ಲಿ ಎಲ್ಲರ ಕೋಳಿಗಳ ಜೊತೆ ಭತ್ತ ಹೆಕ್ಕಿ ಸಂಜೆಗೆ ಬರುತ್ತದೆ. "ನಿಮ್ಮ ಕೋಳಿಯಿಂದಲೇ ನಮಗೆ ಬಂತು" ಅಂತ ಜಗಳ ಶುರುವಾಗುವುದೂ ಇಲ್ಲಿಯೇ.

ಎರಡನೆಯದು, ಔಷಧಿಯ ಅವಧಿ ಮುಗಿದ ಮೇಲೆ ಆ ತಂಡವನ್ನು ಪೂರ್ತಿ ಕುಯ್ದು ಮುಗಿಸಿ, ಗೂಡು ಖಾಲಿ ಮಾಡಿ ಹೊಸದಾಗಿ ಶುರುಮಾಡುವುದು. ಮನಸ್ಸಿಗೆ ಒಗ್ಗದ ಮಾತು. ಆದರೆ ಆರೇಳು ಕೋಳಿ ಇರುವ, ವರ್ಷಕ್ಕೆರಡು ಸಲ ಗೊರಕೆ ಮರುಕಳಿಸುವ ಮನೆಗೆ ಔಷಧಿಗೆ ಸುರಿಯುವ ದುಡ್ಡಿಗಿಂತ ಇದೇ ಅಗ್ಗ. ಸಮಾಧಾನದ ಸಂಗತಿ ಅಂದರೆ ಮೈಕೋಪ್ಲಾಸ್ಮಾ ಕೋಳಿಯ ಮೈ ಬಿಟ್ಟು ಆಚೆ ಹೆಚ್ಚು ದಿನ ಬದುಕುವುದಿಲ್ಲ. ಗರಿ, ಬಟ್ಟೆ, ಹಿಕ್ಕೆಯಲ್ಲಿ ಕೆಲವೇ ದಿನ. ಗೂಡಿನ ಕಸ ಪೂರ್ತಿ ಎತ್ತಿ, ತೊಳೆಯುವ ಸೋಡಾ ಹಾಕಿ ಉಜ್ಜಿ, ಒಣಗಿದ ಮೇಲೆ ಬ್ಲೀಚಿಂಗ್ ಪೌಡರ್ ನೀರು ಎರಚಿ, ಗೋಡೆಗೆ ಸುಣ್ಣ ಬಳಿದು, ಮೂರ್ನಾಲ್ಕು ವಾರ ಬಿಸಿಲು–ಗಾಳಿಗೆ ಬಿಟ್ಟರೆ ಸಾಕು. ಕೊಕ್ಕರೆ ರೋಗದ ವೈರಸ್ ಇಷ್ಟು ಮೆತ್ತಗಿಲ್ಲ. ತಂಪು ಜಾಗದ ಹಿಕ್ಕೆಯಲ್ಲಿ ವಾರಗಟ್ಟಲೆ ಇರುತ್ತದೆ, ಅದು ಬಂದ ಗೂಡನ್ನು ಇನ್ನೂ ಹೆಚ್ಚು ದಿನ ಖಾಲಿ ಬಿಡಬೇಕು.

ಹೊಸ ಕೋಳಿ ತಂದರೆ, ಅದು ಸಂತೆಯದ್ದಿರಲಿ, ನೆಂಟರ ಮನೆಯದ್ದಿರಲಿ, ಗಿರಿರಾಜ ಮರಿಯೇ ಇರಲಿ, ಒಂದು ತಿಂಗಳು ಬೇರೆ ಇಡಿ. ಮೂರು ವಾರ ಸುಮ್ಮನಿದ್ದ ಕೋಳಿ ಪೂರ್ತಿ ಚೊಕ್ಕ ಅಂತ ಹೇಳಲಾಗದು. ಅದಕ್ಕೆ ಒಂದು ಉಪಾಯವಿದೆ. ಕೊನೆಯ ಎರಡು–ಮೂರು ವಾರ ನಿಮ್ಮದೇ ಒಂದು ಕೋಳಿಯನ್ನು ಹೊಸದರ ಜೊತೆ ಕೂಡಿ. ನಿಮ್ಮದಕ್ಕೆ ಸೀನು ಬಂದರೆ ಹೋಗುವುದು ಒಂದೇ ಕೋಳಿ, ಇಡೀ ಗೂಡಲ್ಲ. ಹಬ್ಬಕ್ಕೆ ಅಂತ ತಂದ ಹುಂಜವನ್ನು ವಾರದ ಮುಂಚೆ ತಂದು ಗೂಡಿಗೆ ಬಿಡುವುದು ದೊಡ್ಡ ತಪ್ಪು. ಹಬ್ಬದ ದಿನವೇ ತನ್ನಿ, ಇಲ್ಲವೇ ದೂರ ಕಟ್ಟಿಹಾಕಿ. ಕುಯ್ದ ಮೇಲೆ ತೊಳೆದ ನೀರು, ಕರುಳು, ಗರಿ ತಿಪ್ಪೆಗೆ ಹೋಗಬಾರದು. ಮನೆಯ ಕೋಳಿ ಮೊದಲು ಕೆದರುವುದು ಅದನ್ನೇ.

ಲಸಿಕೆ: ಬೀದಿಗೊಂದು ಬಾಟಲಿ

ಸಿ.ಆರ್.ಡಿ.ಗೆ ಹಿತ್ತಲ ಕೋಳಿಗಳಲ್ಲಿ ಲಸಿಕೆಯ ರೂಢಿ ಇಲ್ಲ. ಕೊಕ್ಕರೆ ರೋಗಕ್ಕೆ ಇದೆ, ಅದೂ ಕಡಿಮೆ ಖರ್ಚಿನದ್ದು. ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆಯಲ್ಲಿ ರಾಜ್ಯ ಸರ್ಕಾರವೇ ಅದನ್ನು ತಯಾರಿಸುತ್ತದೆ. ಮರಿಗೆ ಐದರಿಂದ ಏಳು ದಿನವಾದಾಗ ಎಫ್ ಅಥವಾ ಲಸೋಟಾ ತಳಿಯ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ಎರಡು ತಿಂಗಳ ಹೊತ್ತಿಗೆ ಆರ್.2ಬಿ ಚುಚ್ಚುಮದ್ದು, ರೆಕ್ಕೆಯ ಕೆಳಗಿನ ಚರ್ಮಕ್ಕೆ ಅರ್ಧ ಎಂ.ಎಲ್. ಎಳೆ ಮರಿಗೆ ಆರ್.2ಬಿ ಹಾಕಬಾರದು, ತಡೆಯಲಾರವು.

ಇಷ್ಟು ಸುಲಭ ಇದ್ದರೂ ಹಳ್ಳಿಯ ಕೋಳಿಗೆ ಲಸಿಕೆ ಬೀಳದಿರುವುದಕ್ಕೆ ಕಾರಣ ಬಾಟಲಿಯ ಲೆಕ್ಕ. ಲಸಿಕೆ ಬರುವುದು ನೂರು ಕೋಳಿಗೋ ಅದಕ್ಕಿಂತ ಹೆಚ್ಚಿಗೋ ಆಗುವ ಬಾಟಲಿಯಲ್ಲಿ. ಕಲಸಿದ ಮೇಲೆ ಐಸ್ ಮೇಲೆ ಇಟ್ಟರೂ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯ ಮನೆಯವರು ಬಾಟಲಿ ಒಡೆದರೆ ತೊಂಬತ್ತು ಡೋಸ್ ಮಣ್ಣುಪಾಲು. ಆದ್ದರಿಂದ ಇದು ಒಬ್ಬರ ಕೆಲಸ ಅಲ್ಲ, ಬೀದಿಯ ಕೆಲಸ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಒಬ್ಬರು ಮನೆಮನೆಯ ಕೋಳಿ ಲೆಕ್ಕ ಬರೆದುಕೊಂಡು ಹೋಗಿ ಪಶು ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿದರೆ ಒಂದೇ ಸಂಜೆಗೆ ಕೇರಿ ಪೂರ್ತಿ ಮುಗಿಯುತ್ತದೆ. ಹೊತ್ತು ಮುಳುಗಿ ಕೋಳಿ ಕೂಡಿದ ಮೇಲೆ ಹಿಡಿಯುವುದು ಸುಲಭ. ಹಗಲಲ್ಲಿ ಅಟ್ಟಿಸಿಕೊಂಡು ಓಡಿದರೆ ಐಸ್ ಕರಗುವುದಷ್ಟೇ ಲಾಭ.

ಒಂದು ಎಚ್ಚರಿಕೆ. ಗೂಡಲ್ಲಿ ಗೊರಕೆ ಇರುವಾಗ ಈ ಲಸಿಕೆ ಹಾಕಿಸಬೇಡಿ. ಜೀವಂತ ವೈರಸ್‌ನ ಲಸಿಕೆ ಆದ್ದರಿಂದ ಸಿ.ಆರ್.ಡಿ. ಅದರಿಂದ ಕೆರಳುತ್ತದೆ. ಮೊದಲು ಗೊರಕೆ ಹೋಗಲಿ, ವಾರದ ಮುಂಚೆ ಹೊಟ್ಟೆಹುಳಕ್ಕೆ ಔಷಧಿ ಬೀಳಲಿ, ಆಮೇಲೆ ಲಸಿಕೆ.

ಕೋಳಿ ಅಂಗಡಿಯವರಿಗೆ

ಸಂತೆ ಬಿಟ್ಟರೆ ಬೇರೆ ಬೇರೆ ಊರಿನ ಕೋಳಿಗಳು ಒಂದೆಡೆ ಸೇರುವುದು ಅಂಗಡಿಯ ಪಂಜರದಲ್ಲಿ. ರೈತರಿಂದ ಕೊಂಡ ನಾಟಿ ಕೋಳಿ, ಫಾರಂ ಕೋಳಿ ಎರಡನ್ನೂ ಒಂದೇ ಪಂಜರಕ್ಕೆ ಹಾಕದಿರುವುದು, ಪಂಜರವನ್ನು ದಿನ ಬಿಟ್ಟು ದಿನ ಸೋಪಿನ ನೀರಲ್ಲಿ ತೊಳೆದು ಬಿಸಿಲಿಗಿಡುವುದು, ಕರುಳು–ಗರಿಯನ್ನು ಊರಾಚೆ ರಸ್ತೆ ಬದಿಗೆ ಸುರಿಯದಿರುವುದು ಅವರ ವ್ಯಾಪಾರಕ್ಕೇ ಒಳ್ಳೆಯದು. ರಸ್ತೆ ಬದಿಗೆ ಸುರಿದದ್ದನ್ನು ನಾಯಿ, ಕಾಗೆ ಎಳೆದು ಹಿತ್ತಲಿಗೇ ತಂದು ಹಾಕುತ್ತವೆ. ಊರಿನ ಕೋಳಿ ಸತ್ತರೆ ನಾಟಿ ಕೋಳಿಯ ಗಿರಾಕಿಗೆ ಕೊಡಲು ಅಂಗಡಿಯಲ್ಲೂ ಏನೂ ಇರುವುದಿಲ್ಲ. "ಗೊರಕೆ ಇದೆ, ಅರ್ಧ ರೇಟಿಗೆ ತಗೊಳ್ಳಿ" ಅಂತ ಬಂದವರನ್ನು ವಾಪಸ್ ಕಳಿಸುವುದು ಕಷ್ಟ, ನಿಜ. ತೆಗೆದುಕೊಂಡರೆ ಆ ಪಂಜರದ ಉಳಿದ ಮೂವತ್ತು ಕೋಳಿಯ ಕಥೆ ಏನು ಅಂತ ಒಮ್ಮೆ ಯೋಚಿಸಿ.

ಒಟ್ಟೊಟ್ಟಿಗೆ ಸತ್ತರೆ

2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು. ಅದೇ ಹೊತ್ತಿಗೆ ದಾವಣಗೆರೆ ಜಿಲ್ಲೆ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲೂ. ಇಂಥ ಅನುಮಾನ ಬಂದಾಗ ಮಾದರಿ ಹೋಗುವುದು ಭೋಪಾಲ್‌ನ ಪ್ರಯೋಗಾಲಯಕ್ಕೆ. ದೃಢಪಟ್ಟರೆ ಸುತ್ತ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳು ಸುದ್ದಿಯೂ ಆಗಲೇ ಹಬ್ಬಿದ್ದರಿಂದ ಜಿಲ್ಲೆಯ ಕೋಳಿ ವ್ಯಾಪಾರ ನೆಲಕಚ್ಚಿದ್ದು ಅಂಗಡಿಯವರಿಗೆ ಮರೆತಿರಲಾರದು. 2025ರಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲೂ ಹಕ್ಕಿಜ್ವರ ಕಂಡಿತ್ತು.

ಈ ಭಯಕ್ಕೇ ಎಷ್ಟೋ ಜನ ಕೋಳಿ ಸತ್ತರೆ ಬಾಯಿ ಬಿಡುವುದಿಲ್ಲ. ರಾತ್ರೋರಾತ್ರಿ ನಾಲೆಗೆ ಎಸೆದು ಸುಮ್ಮನಾಗುತ್ತಾರೆ. ಅದರಿಂದ ಕಳೆದುಕೊಳ್ಳುವವರು ಅವರೇ. ಹಕ್ಕಿಜ್ವರದಲ್ಲಿ ಸರ್ಕಾರ ಪರಿಹಾರ ಕೊಡುವುದು ಇಲಾಖೆಯವರು ಕೊಂದ ಕೋಳಿಗೆ, ಅದಾಗಲೇ ಸತ್ತದ್ದಕ್ಕಲ್ಲ. ತಡ ಮಾಡಿದಷ್ಟೂ ಲೆಕ್ಕಕ್ಕೆ ಸಿಗುವ ಕೋಳಿ ಕಮ್ಮಿ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯ 2009ರ ಕಾಯ್ದೆಯ ಪ್ರಕಾರ ಹಕ್ಕಿಜ್ವರ, ರಾಣಿಖೇತ್‌ನಂಥ ರೋಗದ ಅನುಮಾನ ಬಂದರೆ ತಿಳಿಸುವುದು ಸಾಕುವವರ ಕರ್ತವ್ಯವೂ ಹೌದು. ಬರಿಯ ಗೊರಕೆಗೆ ಯಾರೂ ಬಂದು ಕೋಳಿ ಕೊಲ್ಲುವುದಿಲ್ಲ, ಆ ಹೆದರಿಕೆ ಬೇಡ.

ಸತ್ತ ಕೋಳಿಯನ್ನು ಬರಿಗೈಲಿ ಮುಟ್ಟಬೇಡಿ, ಪ್ಲಾಸ್ಟಿಕ್ ಕವರ್ ಕೈಗೆ ಸುತ್ತಿಕೊಳ್ಳಿ. ಒಂದೆರಡು ಸತ್ತಿದ್ದರೆ ಬಾವಿ, ನಾಲೆಯಿಂದ ದೂರ ಮೂರ್ನಾಲ್ಕು ಅಡಿ ಗುಂಡಿ ತೋಡಿ, ಮೇಲೆ ಕೆಳಗೆ ಸುಣ್ಣ ಹಾಕಿ, ನಾಯಿ ಕೆದರದಂತೆ ಕಲ್ಲು ಹೇರಿ. ಒಂದೇ ದಿನ ಹಲವು ಸತ್ತಿದ್ದರೆ ಹೂಳುವ ಮೊದಲೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಮಾದರಿ ಬೇಕಾಗುತ್ತದೆ. ಆಸ್ಪತ್ರೆ ದೂರವಾದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು, ಅದು ಉಚಿತ. ಫೋನ್ ಮಾಡುವಾಗ ಈ ವಿವರ ಕೈಲಿರಲಿ: ಒಟ್ಟು ಕೋಳಿ ಎಷ್ಟು, ಎಷ್ಟಕ್ಕೆ ಕಾಯಿಲೆ, ಎಷ್ಟು ಸತ್ತವು, ಮೊದಲ ಕೋಳಿಗೆ ಕಂಡದ್ದು ಯಾವ ದಿನ, ಹಿಕ್ಕೆಯ ಬಣ್ಣ ಏನು, ಲಸಿಕೆ ಯಾವಾಗ ಹಾಕಿಸಿದ್ದು, ಕಳೆದ ಒಂದು ತಿಂಗಳಲ್ಲಿ ಹೊರಗಿನಿಂದ ಯಾವ ಕೋಳಿ ಅಥವಾ ಮೊಟ್ಟೆ ಮನೆಗೆ ಬಂತು. ಕೊನೆಯ ಪ್ರಶ್ನೆಗೆ ಉತ್ತರ ಹೇಳುವಾಗ ಸಂಕೋಚ ಬೇಡ. ವೈದ್ಯರಿಗೆ ಎಲ್ಲಕ್ಕಿಂತ ಬೇಕಾದ್ದು ಅದೇ.